ಮೆತ್ತಗೆ ಒಣಗುತ್ತಿದ್ದ ಕರವಸ್ತ್ರ

ಸಂಜೆ ಐದು ಗಂಟೆ ಹತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದು ಅವ್ವನ ಫೋನಿನಿಂದಾಗಿ. ಹಾವೇರಿಯ ಮೈದಾನದ ಕಟ್ಟೆಯ ಮೇಲೆ ಕುಳಿತಿದ್ದೆ. ಫೋನು ಗುಂಯ್‌ಗುಟ್ಟಿತೆಂದು ಕೆಳಗೆ ನೋಡಿದೆ. ತೆರೆಯ ಮೇಲೆ ಅವ್ವನ ಹೆಸರು, ಅದರ ಮೇಲೆ ಹೊತ್ತು. ಅಷ್ಟರಲ್ಲಿ ಒಂದು ಸದ್ದು ಕೇಳಿತು. ತೆಂಗಿನಕಾಯಿಯನ್ನು ಕಲ್ಲಿನ ಮೇಲೆ ಕುಕ್ಕಿದಂಥ ಸದ್ದು. ಒಡೆದದ್ದಲ್ಲ, ಬರೀ ಕುಕ್ಕಿದ್ದು. ತಲೆ ಎತ್ತಿದಾಗ ನನ್ನ ತಮ್ಮ ಸಂತೋಷ ಗೋಲಿನ ಮುಂದೆ ಅಂಗಾತ ಬಿದ್ದಿದ್ದ.

ಅವನು ರಾಣೆಬೆನ್ನೂರಿನ ತಂಡವೊಂದರ ಗೋಲ್‌ಕೀಪರ್. ಕಾರ್ನರ್‌ನಿಂದ ಹಾರಿ ಬಂದ ಚೆಂಡನ್ನು ಮುಷ್ಟಿಯಿಂದ ಹೊಡೆಯಲು ಜಿಗಿದಿದ್ದ. ಎದುರಾಳಿಯ ಮೊಣಕಾಲು ಅವನ ಎರಡು ಹುಬ್ಬುಗಳ ನಡುವೆ ಬಡಿದಿತ್ತು. ನಾನು ಕಟ್ಟೆ ಇಳಿದು ಓಡುವಷ್ಟರಲ್ಲಿ ಎದ್ದು ನಿಂತಿದ್ದ. ಹುಬ್ಬಿನ ಬಳಿ ಒಂದಿಷ್ಟು ರಕ್ತ. ಅದಕ್ಕೆ ಪಟ್ಟಿ ಹಚ್ಚಿಸಿಕೊಂಡು, ಕೋಚ್ ಇಸ್ಮಾಯಿಲ್ ಸರ್ ಬೇಡವೆಂದರೂ ಕೇಳದೆ, ಗೋಲಿಗೆ ಮರಳಿದ.

ಆಮೇಲೆ ಅವನು ಆಡಿದ ಆಟವನ್ನು ಜನ ಈಗಲೂ ಹೊಗಳುತ್ತಾರೆ. ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ. ನನಗೆ ಮಾತ್ರ ಅದನ್ನು ನೆನೆದರೆ ಹೆದರಿಕೆಯಾಗುತ್ತದೆ. ಗೋಲ್‌ಕೀಪರನ ಅರ್ಧ ಕೆಲಸ ಬಾಯಿಯದು. ಸಂತೋಷನ ಕೂಗು ಮೈದಾನದಾಚೆ ಚಹಾ ಕುಡಿಯುವವರಿಗೂ ಕೇಳುತ್ತಿತ್ತು. ಆ ಪೆಟ್ಟಿನ ನಂತರ ಅವನು ಒಂದು ಮಾತನ್ನೂ ಆಡಲಿಲ್ಲ. ಚೆಂಡು ಬರುವ ಕಡೆ ಮೊದಲೇ ಹೋಗಿ ನಿಲ್ಲುತ್ತಿದ್ದ, ಹಿಡಿಯುತ್ತಿದ್ದ, ಎಸೆಯುತ್ತಿದ್ದ. ಯಾರೋ ಅವನ ಮೈಯನ್ನು ಕಡ ತೆಗೆದುಕೊಂಡು ಆಡುತ್ತಿದ್ದಂತೆ ಇತ್ತು.

ಆಟ ಮುಗಿದ ಮೇಲೆ ಇಸ್ಮಾಯಿಲ್ ಸರ್ ಅವರ ಕಾರಿನಲ್ಲಿ ಕುಳಿತೆವು.

"ಅಕ್ಕಾ, ಲಗೂ ನಡೀರಿ. ಮ್ಯಾಚಿಗೆ ಹೊತ್ತಾತು," ಅಂದ ಸಂತೋಷ.

"ಯಾವ ಮ್ಯಾಚಲೇ?"

"ಹಾವೇರ್ಯಾಗ ಐತೆಲ್ಲ, ಇವತ್ತ."

ಕಾರು ಹಾವೇರಿಯಲ್ಲೇ ಇತ್ತು. ಬೆವರಿನಿಂದ ತೊಯ್ದ ಕೈಗವಸುಗಳು ಅವನ ತೊಡೆಯ ಮೇಲಿದ್ದವು. ಸರ್ ಕಾರನ್ನು ಆಸ್ಪತ್ರೆಯ ಕಡೆ ತಿರುಗಿಸಿದರು.

ತಲೆಯ ಸ್ಕ್ಯಾನ್ ಆಯಿತು. ಒಳಗೆ ರಕ್ತ ಹೆಪ್ಪುಗಟ್ಟಿಲ್ಲ ಎಂದರು. ಹುಬ್ಬಿಗೆ ಹೊಲಿಗೆ ಹಾಕಿದರು. ಕೆಲವು ವಾರ ಆಟ ಬೇಡ, ವಾಂತಿಯಾದರೆ, ಮಂಪರು ಹೆಚ್ಚಿದರೆ, ಕೈಕಾಲು ಸೋತರೆ ತಕ್ಷಣ ಕರೆತನ್ನಿ ಎಂದು ಹೇಳಿ ಕಳಿಸಿದರು. ಅವ್ವ, ಅಪ್ಪ, ನಾನು ಆ ಮೂರನ್ನೇ ಕಾಯುತ್ತ ಕುಳಿತೆವು. ಮೂರರಲ್ಲಿ ಒಂದೂ ಬರಲಿಲ್ಲ. ಎರಡು ದಿನಕ್ಕೆ ಅವನ ಗೊಂದಲ ಹೋಗಿ ಮಾತೂ ಮೊದಲಿನಂತಾಯಿತು. ಬಂದದ್ದು ಬೇರೆ. ಅದು ನಮ್ಮ ಊರಿನ ವೇಷ ಹಾಕಿಕೊಂಡೇ ಬಂತು.

ನಮ್ಮ ಮನೆ ಬ್ಯಾಡಗಿಯಲ್ಲಿ, ಮಾರುಕಟ್ಟೆಯ ಯಾರ್ಡಿನ ಹಿಂದಿನ ಓಣಿಯಲ್ಲಿ. ಅಪ್ಪ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಗುಮಾಸ್ತರು. ನಾನು ಎಂ.ಕಾಂ. ಮುಗಿಸಿ ಒಂದು ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿದ್ದೇನೆ. ಸುಗ್ಗಿಯಲ್ಲಿ ಚೀಲಗಳು ಬಂದು ಬೀಳತೊಡಗಿದರೆ ಊರಿನ ಗಾಳಿಗೇ ಕೆಂಪು ಬಣ್ಣ ಬರುತ್ತದೆ. ಬಸ್ಸಿನಿಂದ ಇಳಿದವರು ಮೊದಲು ಸೀನಿ ಆಮೇಲೆ ವಿಳಾಸ ಕೇಳುತ್ತಾರೆ. ಮದುವೆಯ ಮಾತುಕತೆಯಲ್ಲಿ ಬೀಗರು ಮೂಗು ಒರೆಸಿಕೊಳ್ಳುತ್ತ ಕುಳಿತಿರುತ್ತಾರೆ. ಆ ದಿನಗಳಲ್ಲಿ ಸಂತೋಷನ ಮೂಗು ಸೋರುತ್ತಿದೆ ಎಂದರೆ ಯಾರು ತಿರುಗಿ ನೋಡುತ್ತಾರೆ?

ಅವ್ವ ಮೊದಲು ಮಾಡಿದ್ದು ದೃಷ್ಟಿ ತೆಗೆಯುವುದು. ಹೊಲಿಗೆ ಬಿಚ್ಚಿದ ದಿನ, ದೀಪ ಹಚ್ಚುವ ಹೊತ್ತಿಗೆ, ಅವನನ್ನು ಪಡಸಾಲೆಯಲ್ಲಿ ಕೂರಿಸಿದಳು. ನಮ್ಮೂರ ಕಾಯಿಗೆ ಬಣ್ಣವೇ ಹೊರತು ಅಂಥ ಖಾರವಿಲ್ಲ. ಅದಕ್ಕೇ ಅಪ್ಪನಿಗೆ ಹೇಳಿ ಖಾರದ ಗುಂಟೂರು ಕಾಯಿ ತರಿಸಿದ್ದಳು. ಉಪ್ಪು ಮತ್ತು ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು, ಅವನ ಮುಖದ ಮುಂದೆ ಸುತ್ತಿಸಿ, ಕೆಂಡದ ಮೇಲೆ ಸುರಿದಳು. ಘಾಟು ಬರದಿದ್ದರೆ ದೃಷ್ಟಿ ತಗುಲಿತ್ತೆಂದು ಲೆಕ್ಕ. ಬಂದರೆ ಇರಲಿಲ್ಲವೆಂದು.

ಘಾಟು ಬಂತು. ಅಪ್ಪ ಕೆಮ್ಮುತ್ತ ಅಂಗಳಕ್ಕೆ ಓಡಿದರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಸಂತೋಷನೂ ಕೆಮ್ಮಿದ, ಅವನ ಕಣ್ಣಲ್ಲೂ ನೀರು ಬಂತು. ಆದರೆ ಕೆಮ್ಮು ನಿಂತ ಮೇಲೆ ಅವನು ಹೊಗೆಯ ಕಡೆಗೇ ಮುಖ ಚಾಚಿ, ಏನನ್ನೋ ಹುಡುಕುವವನಂತೆ ಉಸಿರೆಳೆದ.

"ಗಂಟಲಾ ಉರೀತೈತಿ. ವಾಸನಿ ಮಾತ್ರ ಇಲ್ಲವ್ವಾ," ಅಂದ.

ಅವ್ವನ ಮುಖ ಅರಳಿತು. "ಕೇಳಿದ್ರೇನು? ಅವಗ ವಾಸನಿ ಬಂದಿಲ್ಲಂತ. ಭಾಳ ದೊಡ್ಡ ದೃಷ್ಟಿ ಆಗಿತ್ತು ನನ್ನ ಕೂಸಿಗೆ. ಹೋತು ಬಿಡ್ರಿ!"

"ನಮಗ ಬಂತಲ್ಲ ಮತ್ತ?" ಅಂಗಳದಿಂದ ಅಪ್ಪ.

"ನಿಮಗ ಬಂದ್ರ ಏನ್ಮಾಡೂದೈತಿ? ದೃಷ್ಟಿ ಆಗಿದ್ದು ನಿಮಗೇನು? ನಿಮ್ಮನ್ನ ಯಾರು ನೋಡ್ತಾರ?"

ನಾವೆಲ್ಲ ನಕ್ಕೆವು. ಅವನೂ ನಕ್ಕ. ಆ ನಗು ಈಗ ನನ್ನ ಕಿವಿಯಲ್ಲಿ ಬೇರೆಯೇ ಕೇಳುತ್ತದೆ. ತಲೆಯ ಒಳಗೆ ಏನೋ ಮುರಿದಿದೆ ಎಂಬುದಕ್ಕೆ ಅವನು ಅಂದು ಸಾಕ್ಷಿ ಹೇಳಿದ್ದ. ನಾವು ಅದನ್ನೇ ಗುಣವಾದ ಗುರುತೆಂದು ತಿಳಿದು ಅವನ ಹಣೆಗೆ ವಿಭೂತಿ ಹಚ್ಚಿದೆವು.

ಆಮೇಲೆ ಮನೆಯಲ್ಲಿ ಸಣ್ಣಪುಟ್ಟ ವಿಚಿತ್ರಗಳು ಶುರುವಾದವು. ಒಲೆಯ ಮೇಲೆ ಹಾಲು ಸೀದು ಕರಿಯಾಗುತ್ತಿದ್ದರೂ ಪಕ್ಕದಲ್ಲೇ ಕುಳಿತು ಫೋನು ನೋಡುತ್ತಿದ್ದ. ಹಳಸಿದ ಸಾರನ್ನು ಉಂಡು ಕೈ ತೊಳೆದುಕೊಂಡ. "ಎಲ್ಲಾ ರಟ್ಟು ತಿಂದಂಗ ಆಗ್ತೈತಿ" ಎನ್ನುತ್ತಿದ್ದ. ಒಮ್ಮೆ ನಾನು ಹಿಂದಿನಿಂದ ಬಂದು ನಿಂತರೆ ಬೆಚ್ಚಿಬಿದ್ದ. "ಮದಲ ನೀ ಬಂದ್ರ ಗೊತ್ತಾಗ್ತಿತ್ತು, ನಿನ್ನ ತಲಿಯೆಣ್ಣಿ ವಾಸನಿ," ಅಂದ. "ಈಗ ನೀವೆಲ್ಲಾ ಗಾಜಿನ ಆಚಿಕಡೆ ಅಡ್ಡ್ಯಾಡಿದಂಗ ಅನಸ್ತೈತಿ."

ಮತ್ತೆ ಆ ಕರವಸ್ತ್ರ. ಸುಗ್ಗಿಯಲ್ಲಿ ನಮ್ಮ ಮನೆಯ ಕಿಟಕಿಯ ಸರಳುಗಳಿಗೆ ಎಲ್ಲರ ಕರವಸ್ತ್ರಗಳೂ ನೇತಾಡುತ್ತಿರುತ್ತವೆ. ಬೆಳಿಗ್ಗೆ ಒಗೆಯಲು ತೆಗೆದುಕೊಂಡರೆ ಅಪ್ಪನದು, ನನ್ನದು, ಅವ್ವನದು ಖಡಕ್ ರೊಟ್ಟಿಯಂತೆ ಸೆಟೆದಿರುತ್ತಿದ್ದವು. ಸಂತೋಷನದು ಮಾತ್ರ ಬರೀ ನೀರಿನಲ್ಲಿ ಅದ್ದಿ ಒಣಗಿಸಿದಂತೆ ಮೆತ್ತಗೆ.

"ನೋಡ ಗೀತಾ, ಇವನ ವಸ್ತ್ರಾ ಒಗೀಲಾರದನ ಸ್ವಚ್ಛ ಐತಿ," ಎಂದು ಅವ್ವ ಅದನ್ನು ಕೆನ್ನೆಗೆ ಒತ್ತಿಕೊಂಡು ತೋರಿಸಿದಳು. "ನೆಗಡೀನೂ ಶುದ್ಧ ನನ್ನ ಮಗಂದು."

ವಿಶ್ರಾಂತಿಯ ವಾರಗಳು ಮುಗಿದವು. ಇಸ್ಮಾಯಿಲ್ ಸರ್ ನಿಧಾನವಾಗಿ ತಾಲೀಮಿಗೆ ಬರಲು ಹೇಳಿದರು. ಒಂದು ರಜಾದಿನ ನಾನೂ ಅವನ ಜೊತೆ ರೈಲಿನಲ್ಲಿ ರಾಣೆಬೆನ್ನೂರಿಗೆ ಹೋದೆ. ಪೆಟ್ಟು ತಿಂದವರೆಲ್ಲ ಮೈದಾನದ ಒಂದು ಬದಿಗೆ ಇದ್ದರು. ಒಬ್ಬ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ, ಇನ್ನೊಬ್ಬ ತಿರುಚಿದ ಪಾದವನ್ನು ಮರಳಿನಲ್ಲಿ ಊರಿ ನೋಡುತ್ತಿದ್ದ. ಅವರ ನೋವು ಮೈಮೇಲೆ ಕಾಣುತ್ತಿತ್ತು. ಸಂತೋಷನ ಹುಬ್ಬಿನ ಗಾಯ ಮಾಯ್ದಿತ್ತು, ಅವನೇ ಎಲ್ಲರಿಗಿಂತ ಗಟ್ಟಿಯಾಗಿ ಕಾಣುತ್ತಿದ್ದ.

ಸರ್ ಚೆಂಡನ್ನು ನೆಲದ ಮೇಲೆ ಉರುಳಿಸುತ್ತಿದ್ದರು, ಅವನು ಬಗ್ಗಿ ಎತ್ತುತ್ತಿದ್ದ. ಬಗ್ಗಿದಾಗಲೆಲ್ಲ ಮೂಗಿನ ತುದಿಯಿಂದ ಹನಿಗಳು. ಮೊಣಕಾಲಿನ ಪಟ್ಟಿಯವ ಕೂಗಿದ: "ಏ, ಬ್ಯಾಡಗಿ ನಳಾ ಬಂದ್ ಮಾಡ್ರಲೇ, ಗ್ರೌಂಡ್ ಕೆಸರಾಗಾಕತ್ತೇತಿ!"

"ನಿಮ್ಮೂರಾಗ ನೀರ ಬರಂಗಿಲ್ಲ, ಹಿಡಕೋ!" ಎಂದು ಸಂತೋಷ ತಿರುಗಿ ಹೇಳಿದ. ಮರಳುವಾಗ ರೈಲಿನಲ್ಲಿ ಮಾತ್ರ ಮೆಲ್ಲಗೆ ಕೇಳಿದ: "ಅಕ್ಕಾ, ತಲಿ ಬಗ್ಗಿಸಿದ್ರ ಒಳಗ ಏನೋ ಹರದಂಗ ಅನಸ್ತೈತಿ. ನಿನಗೂ ಹಂಗ ಆಗ್ತೈತೇನು?"

ಇಲ್ಲವೆಂದೆ. ಅವನು ಕಿಟಕಿಯ ಕಡೆ ತಿರುಗಿದ.

ದೃಷ್ಟಿ ಇಳಿದದ್ದಕ್ಕೆ ಅವ್ವನದೊಂದು ಹರಕೆ ಇತ್ತು. ಎಲ್ಲರೂ ಹೊಳೆದಂಡೆಯ ಗಳಗನಾಥದ ಗುಡಿಗೆ ಹೋದೆವು. ಹೊಳೆಯ ಗಾಳಿ ತಣ್ಣಗಿತ್ತು. ಅಲ್ಲಿ ಮೆಣಸಿನಕಾಯಿಯ ಸುಳಿವೂ ಇಲ್ಲ. ಸ್ವಲ್ಪ ಹೊತ್ತಿನಲ್ಲೇ ನಮ್ಮೆಲ್ಲರ ಮೂಗು ಒಣಗಿ, ಉಸಿರು ಸರಾಗವಾಯಿತು. "ಹಿಂಗ ಉಸರಾಡಿ ಎಷ್ಟ್ ದಿನಾ ಆಗಿತ್ತು," ಎಂದರು ಅಪ್ಪ.

ಗುಡಿಯ ಒಳಗೆ ಕತ್ತಲು. ಸಂತೋಷ ಹೊಸ್ತಿಲಿಗೆ ಹಣೆ ಹಚ್ಚಿ ನಮಸ್ಕರಿಸಿದ. ಅವನ ಪಕ್ಕದಲ್ಲಿ ನಾನು. ಟಪ್ ಎಂದಿತು. ಮೇಲೆ ನೋಡಿದೆ, ಎಲ್ಲೂ ಸೋರುತ್ತಿರಲಿಲ್ಲ. ಮತ್ತೆ ಟಪ್, ಟಪ್. ಅವನ ಮೂಗಿನ ಎಡ ಹೊರಳೆಯೊಂದರಿಂದಲೇ ತಿಳಿನೀರು ಕಲ್ಲಿನ ಮೇಲೆ ಬೀಳುತ್ತಿತ್ತು. ದೀಪದ ಬೆಳಕಿನಲ್ಲಿ ಆ ಹನಿಗಳು ಎಷ್ಟು ತಿಳಿಯಾಗಿದ್ದವೆಂದರೆ ಅವುಗಳಡಿ ಕಲ್ಲಿನ ಉಳಿಗುರುತು ಕಾಣುತ್ತಿತ್ತು.

"ಇಲ್ಲೆಲ್ಲೈತೋ ಘಾಟು?" ಎಂದೆ.

ಅವನು ತಲೆ ಎತ್ತಿ ನನ್ನನ್ನೇ ನೋಡಿದ. ಅದೇ ವಿಚಾರ ಅವನಿಗೂ ಹೊಳೆದಿತ್ತು. "ಗಂಟಲದಾಗೂ ಇಳೀತೈತಿ, ಅಕ್ಕಾ. ಉಪ್ಪುಪ್ಪು."

ಹೊರಬಂದು ಅಪ್ಪನಿಗೆ ಹೇಳಿದೆ. "ನೆಗಡಿಗೆ ದವಾಖಾನಿಗೆ ಹೋಗ್ತಾರೇನವಾ?" ಎಂದರಾದರೂ ನಾನು ಹಟ ಹಿಡಿದಾಗ ನಾಳೆ ತೋರಿಸೋಣವೆಂದು ಒಪ್ಪಿದರು. ಆ ನಾಳೆ ನಾವು ಅಂದುಕೊಂಡಂತೆ ಬರಲಿಲ್ಲ. ಊರಿಗೆ ಬರುವ ದಾರಿಯಲ್ಲೇ ಅವನಿಗೆ ಚಳಿ ಶುರುವಾಯಿತು. ಬಿಸಿಲು ಕಣ್ಣಿಗೆ ಚುಚ್ಚುತ್ತದೆಂದು ಟವೆಲ್ ಮುಚ್ಚಿಕೊಂಡ. ಬೆಳಿಗ್ಗೆ ಎಬ್ಬಿಸಲು ಹೋದರೆ ಮೈ ಕೆಂಡ. ಕುತ್ತಿಗೆ ಬಗ್ಗಲೊಲ್ಲದು. ಕಣ್ಣು ತೆರೆದೇ ಇದ್ದವು. ಗೋಡೆಯ ಕಡೆ ಕೈ ಮಾಡಿ ಗಟ್ಟಿಯಾಗಿ ಕೂಗುತ್ತಿದ್ದ: "ಎಡಕ್ಕ ಬರ್ರಿ! ಎಡಕ್ಕ! ಅಂವನ್ನ ಬಿಡಬ್ಯಾಡ್ರಿ!"

ಹಾವೇರಿಯ ಮೈದಾನದಲ್ಲಿ ಅಂದು ಅವನು ಕೂಗದೆ ಉಳಿಸಿಕೊಂಡಿದ್ದ ಕೂಗುಗಳೇ ಈಗ ಹೊರಬರುತ್ತಿವೆ ಎನಿಸಿತು. ಅವ್ವ ಅವನು ಕೈ ಮಾಡಿದ ಮೂಲೆಗೆ ಹೋಗಿ ನಿಂತುಬಿಟ್ಟಳು. ಅಲ್ಲಿ ಯಾರಿದ್ದರೂ ತನ್ನನ್ನು ದಾಟಿ ಬರಬೇಕು ಎಂಬಂತೆ.

ಹಾವೇರಿಯ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ವೈದ್ಯೆಯೊಬ್ಬರಿದ್ದರು. ಅವನ ಕುತ್ತಿಗೆ ಮುಟ್ಟಿ ನೋಡಿದರು, ಹುಬ್ಬಿನ ಕಲೆ ನೋಡಿದರು. "ಮೂಗಿನಾಗ ನೀರು ಬರ್ತೈತೇನ್ರಿ?" ಎಂದು ಕೇಳಿದರು.

ಅಪ್ಪ ತುಸು ನಕ್ಕೇ ಹೇಳಿದರು: "ಬ್ಯಾಡಗಿಯವ್ರು ನಾವು. ಸುಗ್ಗ್ಯಾಗ ಯಾರ ಮೂಗಿನಾಗ ಬರಂಗಿಲ್ರೀ ಮೇಡಂ?"

ಅವರು ನಗಲಿಲ್ಲ. ನರ್ಸ್ ಅವನ ಭುಜ ಹಿಡಿದು ಸೊಂಟದಿಂದ ಮುಂದಕ್ಕೆ ಬಾಗಿಸಿದಳು. ವೈದ್ಯೆ ಮೂಗಿನ ಕೆಳಗೆ ಒಂದು ಸಣ್ಣ ಡಬ್ಬಿ ಹಿಡಿದರು. ಡಬ್ಬಿಯ ತಳಕ್ಕೆ ಹನಿ ಬೀಳುವ ಸದ್ದು ಗುಡಿಯಲ್ಲಿ ಕೇಳಿದ ಅದೇ ಸದ್ದು.

"ಇದು ನೆಗಡಿ ಅಲ್ರಿ," ಅಂದರು. "ಮೂಗಿನ ಮ್ಯಾಲಿನ ತೆಳ್ಳನ ಎಲುಬು ಸೀಳಿರಬೇಕು. ಇದು ಮಿದುಳಿನ ಸುತ್ತ ಇರೋ ನೀರು, ಸಿಂಬಳದಂಗ ಒಣಗಿ ಖಡಕ್ ಆಗಂಗಿಲ್ಲ. ನೀರು ಹೊರಗ ಬರೋ ದಾರಿಲೆ ಸೋಂಕು ಒಳಗ ಹೋಗೇತಿ. ಈಗಿಂದೀಗ ಹುಬ್ಬಳ್ಳಿಗೆ ಕರಕೊಂಡ ಹೋಗ್ರಿ."

ಅಪ್ಪನ ಮುಖದ ಮೇಲೆ ಆ ಅರ್ಧ ನಗು ಹಾಗೇ ಉಳಿದಿತ್ತು, ತೆಗೆಯಲು ಮರೆತವರಂತೆ. ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನನ್ನು ಕೇಳಿದಳು: "ಅಂದ್ರ, ನಾ ದಿನಾ ಮುಂಜಾನೆ ಏನ್ ಒಗೀತಿದ್ನೇ?"

ನಾನು ಅವಳ ಕೈಯನ್ನು ಚೌಕಟ್ಟಿನಿಂದ ಬಿಡಿಸಿ ಹೊರಗೆ ನಡೆಸಿದೆ.

ಹುಬ್ಬಳ್ಳಿಯ ಆಸ್ಪತ್ರೆಯ ಆ ಉದ್ದನೆಯ ಮೊಗಸಾಲೆಯ ಬಗ್ಗೆ ಹೆಚ್ಚು ಬರೆಯಲಾರೆ. ಗಾಜಿನ ಬಾಗಿಲು, ಒಳಗಿದ್ದವರ ಹೆಸರು ಕೂಗುವ ದನಿ, ಹೆಸರು ಕೂಗಿದಾಗ ಎದ್ದು ನಿಲ್ಲಲು ಹೆದರುವ ನಾವು. ಗದಗ ಕಡೆಯ ಹೆಂಗಸೊಬ್ಬರು ಅಲ್ಲಿದ್ದರು. ಅವರ ಗಂಡ ಒಳಗಿದ್ದ. ನಮ್ಮನ್ನು ಏನೂ ವಿಚಾರಿಸದೆ ಅವ್ವನ ಕೈಗೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು, "ಉಣ್ಣಬೇ ಯಕ್ಕಾ. ಉಪವಾಸ ಕುಂತ್ರ ಒಳಗಿನವರಿಗೇನು ಹೊಟ್ಟಿ ತುಂಬತೈತೇನು?" ಅಂದರು. "ನೀ ಒಂದೀಟು ಅಡ್ಡಾಗು. ನಿಮ್ಮ ಹುಡುಗನ ಹೆಸರು ಕರದ್ರ ನಾ ಓ ಅಂತೇನಿ." ಅವರು ಹಾಗೆಯೇ ಮಾಡಿದರು. ಸಂತೋಷನ ಹೆಸರು ಕೂಗಿದಾಗ ಗಟ್ಟಿಯಾಗಿ "ಓ" ಎಂದವರು ಅವರೇ. ಜ್ವರ ಇಳಿದಿದೆ, ನೀರು ಕೇಳಿದ್ದಾನೆ ಎಂಬ ಸುದ್ದಿಯನ್ನು ಮೊದಲು ಕೇಳಿದವರೂ ಅವರೇ. ಅವರ ಹೆಸರು ನನಗೆ ಗೊತ್ತಿಲ್ಲ. ಒಂದು ಬೆಳಿಗ್ಗೆ ಅವರ ಜಾಗ ಖಾಲಿ ಇತ್ತು. ಒಳ್ಳೆಯದಾಗಿಯೇ ಹೋದರೆಂದು ನಂಬಿದ್ದೇನೆ.

ಸೋಂಕು ಆರಿದ ಮೇಲೆ ಮೂಗಿನ ಮೂಲಕವೇ ಶಸ್ತ್ರಚಿಕಿತ್ಸೆ ಮಾಡಿದರು. ತೊಡೆಯಿಂದ ಪೊರೆಯ ಒಂದು ತುಣುಕು ತೆಗೆದು ಆ ಸೀಳಿಗೆ ಹಚ್ಚಿದರು. ಎಚ್ಚರವಾದ ಮೇಲೆ ನೋಡಲು ಬಂದ ಇಸ್ಮಾಯಿಲ್ ಸರ್ ಮುಂದೆ ಸಂತೋಷ, "ಸರ್, ಇನ್ ಮುಂದ ನಾ ತೊಡಿಲಿಂದ ವಿಚಾರ ಮಾಡ್ತೇನ್ರಿ," ಎಂದು ಪಿಸುಗುಟ್ಟಿದ.

"ಮದಲೂ ಹಂಗ ಮಾಡ್ತಿದ್ದೆಲ್ಲ, ಅದಕ್ಕ ನಾ ಬ್ಯಾಡ ಅಂದ್ರೂ ಗೋಲಿಗೆ ಹ್ವಾದಿ," ಎಂದರು ಸರ್. ನಕ್ಕು, ಹೊರಗೆ ಬಂದು, ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಂಡರು.

ಬಿಡುಗಡೆಯ ದಿನ ಹೇಳಿದ್ದು ಇಷ್ಟು: ಬಗ್ಗಬಾರದು, ಭಾರ ಎತ್ತಬಾರದು, ಮೂಗು ಸೀಟಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಸೀನು ತಡೆಹಿಡಿಯಬಾರದು. ಬಂದರೆ ಬಾಯಿ ತೆರೆದೇ ಸೀನಬೇಕು, ಆದಷ್ಟು ಸೀನು ಬಾರದಂತೆಯೇ ನೋಡಿಕೊಳ್ಳಬೇಕು. ಒಂದು ಜೋರಾದ ಸೀನಿಗೆ ಹಚ್ಚಿದ ತೇಪೆ ಸರಿಯಬಹುದು. ವಾಸನೆ ಮರಳುವುದು ಅನುಮಾನ ಎಂದೂ ಹೇಳಿದರು.

ಸೀನಬಾರದವನನ್ನು ಬ್ಯಾಡಗಿಗೆ ಹೇಗೆ ಕರೆದೊಯ್ಯುವುದು? ಮೋಟೆಬೆನ್ನೂರಿನಲ್ಲಿ ಅವ್ವನ ಅಣ್ಣನ ಮನೆಯಿದೆ. ಮಾಮಾ ಹೊಲದ ಕಡೆಯ ಕೋಣೆಯನ್ನು ಸಾರಿಸಿ, ಒದ್ದೆ ಚಾದರವನ್ನು ಬಾಗಿಲಿಗೆ ಕಟ್ಟಿ, ನಮ್ಮನ್ನು ಕರೆದುಕೊಂಡರು. ಅತ್ತೆ ತಮ್ಮ ಮನೆಯಲ್ಲಿ ಒಗ್ಗರಣೆ ಹಾಕುವುದನ್ನೇ ನಿಲ್ಲಿಸಿದರು. ಒಗ್ಗರಣೆಯ ಚುರ್ ಎನ್ನುವ ಸದ್ದಿಲ್ಲದ ಉತ್ತರ ಕರ್ನಾಟಕದ ಮನೆಯೊಂದನ್ನು ಊಹಿಸಿಕೊಳ್ಳಿ. ಕಸ ಗುಡಿಸುವ ಮುಂಚೆ ನೀರು ಚಿಮುಕಿಸುತ್ತಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಒಂದು ಸೀನಿನ ದಾರಿ ಕಾಯುತ್ತ ಇಡೀ ಮನೆ ಕಿವಿಯಾಗಿತ್ತು. ಅದು ಎಲ್ಲೋ ಹೊರಗೆ, ಬೇಲಿಯ ಆಚೆ ಕುಳಿತಿದೆ, ನಾವು ಮೈಮರೆತ ಕೂಡಲೇ ಒಳಗೆ ಬರುತ್ತದೆ ಎನಿಸುತ್ತಿತ್ತು.

ನಾನು ನಿದ್ದೆ ಕಳೆದುಕೊಂಡದ್ದು ಆಗಲೇ. ಆಫೀಸಿನಿಂದ ಬಂದು ಅಲ್ಲೇ ಮಲಗುತ್ತಿದ್ದೆ. ಕಣ್ಣು ಮುಚ್ಚಿದರೆ ಟಪ್ ಎನ್ನುವ ಸದ್ದು. ಎದ್ದು ಅವನ ದಿಂಬಿನ ಎಡಬದಿ ಮುಟ್ಟಿ ನೋಡುತ್ತಿದ್ದೆ. ಒಣಗಿರುತ್ತಿತ್ತು. ನಂಬದೆ ಮತ್ತೆ ಮುಟ್ಟುತ್ತಿದ್ದೆ.

ಒಂದು ಮಧ್ಯಾಹ್ನ ಅವನು ತಟ್ಟನೆ, "ಅಕ್ಕಾ, ಮೆಣಸಿನಕಾಯಿ ಸುಟ್ಟ ವಾಸನಿ!" ಎಂದ. ಘಾಟಿಗೆ ಸೀನುತ್ತಾನೆಂದು ಹೆದರಿದೆ, ಆಮೇಲೆ ವಾಸನೆ ಮರಳಿತೆಂದು ಹಿಗ್ಗಿದೆ. ಒಲೆ ನೋಡಿದೆ, ಹಿತ್ತಲು ನೋಡಿದೆ, ರಸ್ತೆಯವರೆಗೆ ಹೋಗಿ ಬಂದೆ. ಎಲ್ಲೂ ಏನೂ ಸುಡುತ್ತಿರಲಿಲ್ಲ. ಅವನು ಮಾತ್ರ ಕಣ್ಣು ಮುಚ್ಚಿ, ಅವ್ವ ಅಂದು ಕೆಂಡಕ್ಕೆ ಸುರಿದ ಆ ಕಾಯಿಗಳನ್ನು ಈಗ ಮೂಸುತ್ತಿದ್ದ. ವಾಸನೆಯ ನರ ಸತ್ತವರಿಗೆ ಹೀಗೆ ಇಲ್ಲದ ವಾಸನೆ ಬರುವುದುಂಟು ಎಂದರು ಡಾಕ್ಟರು. ಅದು ಇನ್ನೂ ಆಗಾಗ ಬರುತ್ತದೆ. ಬಂದಾಗ ಅವನು ಸುಮ್ಮನೆ ಕೈ ಎತ್ತುತ್ತಾನೆ. ನಾನು ಹೋಗಿ ಒಲೆ ನೋಡಿ ಬಂದು "ಇಲ್ಲ" ಎನ್ನುತ್ತೇನೆ. ಒಮ್ಮೆಯಾದರೂ ನಿಜವಾಗಿ ಏನಾದರೂ ಸುಡುತ್ತಿರಬಹುದಲ್ಲ.

ಮಳೆಗಾಲದ ಹೊತ್ತಿಗೆ ಡಾಕ್ಟರು ನಡೆಯಲು, ಆಮೇಲೆ ಓಡಲು, ಆಮೇಲೆ ಚೆಂಡು ಮುಟ್ಟಲು ಬಿಟ್ಟರು. ಇಸ್ಮಾಯಿಲ್ ಸರ್ ತಲೆಗೆ ಮೆತ್ತನೆಯ ಕವಚ ತರಿಸಿದರು. ಅದಿಲ್ಲದೆ ಮೈದಾನಕ್ಕೆ ಕಾಲಿಟ್ಟರೆ ಮನೆಗೆ ಕಳಿಸುವುದಾಗಿ ಎಲ್ಲರೆದುರು ಹೇಳಿದರು. ಮೊದಲ ದಿನ ನಾನೂ ಹೋಗಿದ್ದೆ. ಹಾರಿ ಬಂದ ಒಂದು ಚೆಂಡಿಗೆ ಅವನು ಕಂಬದ ಬಳಿಯಿಂದ ಕದಲಲಿಲ್ಲ. ಮುಂದೆ ಹೋಗಿ ಹಿಡಿಯಬೇಕಾದ ಚೆಂಡು ಅದು. ಅದು ಗೋಲಿನೊಳಗೆ ಹೋಗಿ ನಿಂತಿತು. ಯಾರೂ ಛೇಡಿಸಲಿಲ್ಲ. ಮೊಣಕಾಲಿನ ಪಟ್ಟಿಯವ, ಈಗ ಪಟ್ಟಿ ಬಿಚ್ಚಿ ಓಡುತ್ತಿದ್ದವ, ಚೆಂಡನ್ನು ತಾನೇ ಎತ್ತಿಕೊಂಡು ಬಂದು ಅವನ ಕೈಗೆ ಕೊಟ್ಟ. "ನಾನೂ ಇನ್ನಾ ಆ ಕಾಲಿನ ಮ್ಯಾಲ ಪೂರಾ ಭಾರಾ ಬಿಟ್ಟಿಲ್ಲಲೇ," ಅಂದ. ಹಲವು ವಾರಗಳ ಮೇಲೆ ಸಂತೋಷ ಮತ್ತೆ ಜಿಗಿದ. ಜಿಗಿಯುವ ಮೊದಲು ಕೂಗಿದ. ಆ ಕೂಗು ಕೇಳಿ ನಾನು ಕಟ್ಟೆಯ ಮೇಲೆ ಅತ್ತುಬಿಟ್ಟೆ.

ಆದರೂ ನಿಜವಾದ ಪರೀಕ್ಷೆ ಉಳಿದಿತ್ತು. ಮತ್ತೆ ಸುಗ್ಗಿ ಬಂತು. "ತೇಪಿ ಕೂಡೇತಿ, ಇನ್ನ ಹೆದರಬ್ಯಾಡ್ರಿ" ಎಂದು ಡಾಕ್ಟರು ಹೇಳಿದ್ದರು. ಅವನೇ ಹಟ ಮಾಡಿ ಮನೆಗೆ ಬಂದ. "ನನ್ನ ಊರಾಗ ನಾ ಸೀನೂದಿಲ್ಲಂದ್ರ ಮತ್ತೆಲ್ಲಿ ಸೀನ್ಲಿ?" ಎಂದ.

ಯಾರ್ಡಿಗೆ ಚೀಲಗಳು ಬಿದ್ದ ದಿನ ಸಂಜೆ ಗಾಳಿ ನಮ್ಮ ಓಣಿಯ ಕಡೆ ತಿರುಗಿತು. ಅಪ್ಪ ಸೀನಿದರು. ನಾನು ಸೀನಿದೆ. ಆಮೇಲೆ ಸಂತೋಷ ಬಾಯಿ ತೆರೆದು ಕತ್ತೆತ್ತಿದ. ಅವ್ವನ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಅವನು ಸೀನಿದ. ಮತ್ತೆ ಸೀನಿದ. ಲೆಕ್ಕ ತಪ್ಪುವಷ್ಟು ಸೀನಿದ. ಕರವಸ್ತ್ರದಿಂದ ಮುಖ ಒರೆಸಿಕೊಂಡು ಅದನ್ನು ಕಿಟಕಿಯ ಸರಳಿಗೆ ಹಾಕಿದ. ನಾವು ಮೂವರೂ ಅದನ್ನು ನೋಡಿದೆವು. ಯಾರೂ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಕಿಟಕಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಕೊನೆಗೆ ಎರಡು ಬೆರಳಲ್ಲಿ ಅದನ್ನು ತೆಗೆದು ನನ್ನ ಕಡೆ ಬಂದಳು. ಮೂಲೆ ಹಿಡಿದು ಎತ್ತಿದರೆ ಅದು ಇಳಿಬೀಳಲಿಲ್ಲ, ಸೆಟೆದು ನಿಂತಿತು.

"ಮುಟ್ಟಿ ನೋಡ," ಅಂದಳು. "ಖಡಕ್ ಆಗೇತಿ, ಗೀತಾ. ನಮ್ಮೆಲ್ಲಾರ್ದೂ ಇದ್ದಂಗ."

ಒಳಗಿನಿಂದ ಸಂತೋಷ ಕೂಗಿದ: "ಹೊಲಸ ಹೆಂಗಸರು ನೀವು! ಅದನ್ಯಾಕ ಹಿಡಕೊಂಡ ನಿಂತೀರಿ?"

ಆ ರಾತ್ರಿಯ ಬಗ್ಗೆ ಬರೆಯಲು ನನ್ನ ಬಳಿ ಏನೂ ಇಲ್ಲ. ದಿಂಬಿಗೆ ತಲೆ ಕೊಟ್ಟದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲಿತ್ತು. ಅಡುಗೆಮನೆಯಲ್ಲಿ ಅವ್ವ ಒಗ್ಗರಣೆ ಹಾಕಿದ್ದಳು. ಅಪ್ಪ ಸೀನಿದರು. ಹಿಂದೆಯೇ ಸಂತೋಷ ಸೀನಿದ, ಮನೆಯ ಹಂಚು ಹಾರುವಂತೆ. ನಾನು ಚಾದರವನ್ನು ಮೇಲಕ್ಕೆಳೆದುಕೊಂಡು ಮಗ್ಗಲು ಬದಲಿಸಿದೆ.